ನಡುಮನೆಗೊಂದು ಎವಿ ರಿಸೀವರ್

ಟಿವಿಗಳು ಬೆರಳಗಲದ ದಪ್ಪಕ್ಕೆ ಇಳಿದ ಮೇಲೆ ಚಿತ್ರವೇನೋ ಹಿಗ್ಗಿತು, ಸದ್ದಿಗೆ ಮಾತ್ರ ಜಾಗವೇ ಉಳಿಯಲಿಲ್ಲ. ಸ್ಪೀಕರ್‌ಗಳು ಪರದೆಯ ಅಡಿಯಲ್ಲೋ ಬೆನ್ನಿನಲ್ಲೋ ಅಡಗಿ, ನೆಲಕ್ಕೋ ಗೋಡೆಗೋ ಮುಖ ಮಾಡಿಕೊಂಡಿರುತ್ತವೆ. ನಾಯಕಿ ಮೆಲ್ಲಗೆ ಆಡಿದ ಮಾತು ಕೇಳಿಸಲೆಂದು ವಾಲ್ಯೂಮ್ ಏರಿಸಿದರೆ, ಮರುಗಳಿಗೆಯಲ್ಲಿ ಬರುವ ಹೊಡೆದಾಟದ ಸದ್ದಿಗೆ ರಿಮೋಟ್ ಹುಡುಕಿಕೊಂಡು ಓಡಬೇಕು. ನಮ್ಮ ಅಮ್ಮನ ದೂರೂ ಇದೊಂದೇ: "ಅವಳು ಏನಂದಳು ಅಂತಲೇ ಗೊತ್ತಾಗಲಿಲ್ಲ ಕಣೋ, ಬರೀ ಡಬಡಬ." ಮೈಸೂರಿನ ಲಕ್ಷ್ಮೀಪುರಂನ ನಮ್ಮ ಹಳೆಯ ಮನೆಗೆ ಎವಿ ರಿಸೀವರ್ ಒಂದನ್ನು ಆರಿಸಿ ತಂದು, ಅದನ್ನು ನಡುಮನೆಗೆ ಹೊಂದಿಸಿದ ಕೆಲಸದ ವಿವರಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯವೊಂದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸರಿಸುಮಾರು ಒಂದೇ ಬೆಲೆಯ ಎರಡು ರಿಸೀವರ್‌ಗಳ ನಡುವೆ ಕಿವಿಗೆ ಗೊತ್ತಾಗುವ ವ್ಯತ್ಯಾಸ ಅಲ್ಪ. ಸ್ಪೀಕರ್‌ಗಳನ್ನು ಎಲ್ಲಿಟ್ಟಿರಿ, ಸೋಫಾ ಎಲ್ಲಿದೆ, ಅಳತೆ ಹೇಗೆ ಮಾಡಿದಿರಿ ಎಂಬುದರಿಂದ ಆಗುವ ವ್ಯತ್ಯಾಸ ಮನೆಮಂದಿಯೆಲ್ಲ ಒಪ್ಪುವಷ್ಟು ದೊಡ್ಡದು.

ಎವಿ ರಿಸೀವರ್ ಒಂದೇ ಪೆಟ್ಟಿಗೆಯೊಳಗೆ ಮೂರು ಕೆಲಸ ಮಾಡುತ್ತದೆ. ಸೆಟ್‌ಟಾಪ್ ಬಾಕ್ಸ್, ಬ್ಲೂರೇ ಪ್ಲೇಯರ್, ಮಕ್ಕಳ ಗೇಮ್ ಕನ್ಸೋಲ್ ಇವುಗಳಿಂದ ಬರುವ ಎಚ್‌ಡಿಎಂಐ ಕೇಬಲ್‌ಗಳಲ್ಲಿ ನಮಗೆ ಬೇಕಾದ ಒಂದನ್ನು ಟಿವಿಗೆ ದಾಟಿಸುತ್ತದೆ. ಡಾಲ್ಬಿ, ಡಿಟಿಎಸ್ ರೂಪದಲ್ಲಿ ಅಡಕವಾಗಿ ಬಂದ ಧ್ವನಿಯನ್ನು ಬಿಡಿಸಿ ಎಡ, ಬಲ, ನಡು, ಹಿಂಬದಿ ಎಂದು ಪಾಲು ಮಾಡುತ್ತದೆ. ಕೊನೆಗೆ ಚಾನಲ್ ಎಂದು ಕರೆಯುವ ಆ ಒಂದೊಂದು ಪಾಲಿಗೂ ಸ್ಪೀಕರನ್ನು ನಡೆಸುವಷ್ಟು ಬಲ ತುಂಬುತ್ತದೆ. ಅಮ್ಮನ ದೂರಿಗೆ ಪರಿಹಾರವಿರುವುದು ಎರಡನೆಯ ಕೆಲಸದಲ್ಲಿ. ಸುತ್ತ ಐದು ಸ್ಪೀಕರ್, ಮಂದ್ರದ ಸದ್ದಿಗೆಂದೇ ಒಂದು ಸಬ್‌ವೂಫರ್ ಇರುವ 5.1 ಧ್ವನಿಯಲ್ಲಿ ಪಾತ್ರಗಳ ಮಾತು ಬಹುಪಾಲು ನಡುವಿನ ಚಾನಲ್‌ನಲ್ಲೇ ಬರುತ್ತದೆ. ಎರಡೇ ಸ್ಪೀಕರ್ ಇರುವ ಟಿವಿಯಲ್ಲಿ ಆ ಮಾತು ಸಂಗೀತದೊಂದಿಗೂ ಗದ್ದಲದೊಂದಿಗೂ ಬೆರೆತುಹೋಗುತ್ತದೆ. ಅದಕ್ಕಾಗಿಯೇ ಒಂದು ಸೆಂಟರ್ ಸ್ಪೀಕರ್ ಇದ್ದರೆ ಬೇರೆಯಾಗಿ ನಿಲ್ಲುತ್ತದೆ, ಬೇಕೆನಿಸಿದಾಗ ಅದೊಂದನ್ನೇ ಒಂದೆರಡು ಡೆಸಿಬೆಲ್ ಏರಿಸಿಕೊಳ್ಳಲೂಬಹುದು. ಆದ್ದರಿಂದ ಒಳ್ಳೆಯ ಸೆಂಟರ್ ಸ್ಪೀಕರ್‌ಗೆ ಹಣ ತೆಗೆದಿಟ್ಟು, ಉಳಿದದ್ದರಲ್ಲಿ ರಿಸೀವರ್ ಕೊಳ್ಳಬೇಕೆಂಬುದು ನನ್ನ ಲೆಕ್ಕಾಚಾರ. ಸೌಂಡ್‌ಬಾರ್ ಸಾಲದೇ ಎಂದು ಕೇಳುವವರಿಗೆ, ಬಾಡಿಗೆ ಮನೆಯ ಸಣ್ಣ ಕೋಣೆಗೆ ಧಾರಾಳವಾಗಿ ಸಾಲುತ್ತದೆ ಎಂದೇ ಹೇಳುತ್ತೇನೆ.

ಇನ್ನು ಕೋಣೆಯ ವಿಚಾರ. ನಮ್ಮ ನಡುಮನೆ ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹನ್ನೊಂದು ಅಡಿ ಎತ್ತರ. ನೆಲಕ್ಕೆ ರೆಡ್ ಆಕ್ಸೈಡ್, ಗೋಡೆಗೆ ಗಾರೆ, ಮೇಲೆ ತೇಗದ ತೊಲೆ-ಜಂತೆಗಳ ಮೇಲೆ ಇಟ್ಟಿಗೆ ಕಟ್ಟಿದ ಮದ್ರಾಸ್ ತಾರಸಿ. ಬೇಸಿಗೆಯಲ್ಲಿ ತಂಪಾಗಿರುವ ಈ ಕೋಣೆ ಸದ್ದಿನ ಪಾಲಿಗೆ ಕಠಿಣ. ಮಧ್ಯದಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡಿ ಒಂದು ಕಿರುಗುಟ್ಟುವ ಬಾಲ ಬಿಡುತ್ತದೆ. ಮಾತಿನ ವ್ಯಂಜನಗಳನ್ನು ಮಸುಕು ಮಾಡುವುದು ಈ ಬಾಲವೇ. ಯಾವ ರಿಸೀವರ್ ತಂದರೂ ಅದು ತಾನಾಗಿ ಹೋಗುವುದಿಲ್ಲವಾದ್ದರಿಂದ, ಅಂಗಡಿಗೆ ಹೋಗುವ ಮೊದಲೇ ಅಟ್ಟದ ಮೇಲಿದ್ದ ದಪ್ಪ ಜಮಖಾನವನ್ನು ಕೆಳಗಿಳಿಸಿ, ಎರಡು ಮಡಿಕೆ ಮಾಡಿ, ಟಿವಿಗೂ ಸೋಫಾಕ್ಕೂ ನಡುವೆ ಹಾಸಿದೆವು. ಖಾಲಿ ಬಿದ್ದಿದ್ದ ಪಕ್ಕದ ಗೋಡೆಗೆ ಪುಸ್ತಕದ ಕಪಾಟನ್ನು ಸರಿಸಿದೆವು. ಕಿಟಕಿಗೆ ದಪ್ಪನೆಯ ಪರದೆ ಬಂತು. ಚಪ್ಪಾಳೆಯ ಬಾಲ ಅರ್ಧಕ್ಕರ್ಧ ಕುಗ್ಗಿತು. ಇದಕ್ಕೆ ತಗುಲಿದ ಖರ್ಚು ಪರದೆಯದು ಮಾತ್ರ.

ತಾರಸಿಯೇ ಇನ್ನೊಂದು ತೀರ್ಮಾನವನ್ನೂ ನಮಗಾಗಿ ಮಾಡಿಕೊಟ್ಟಿತು. ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಗಳಿಗೂ 2014ರಲ್ಲಿ ಮನೆಗಳಿಗೂ ಬಂದಿತು. ತಲೆಯ ಮೇಲಿನಿಂದ ಮಳೆ, ಹೆಲಿಕಾಪ್ಟರ್ ಮುಂತಾದ ಸದ್ದುಗಳು ಬರಬೇಕಾದರೆ ಛಾವಣಿಯಲ್ಲಿ ಸ್ಪೀಕರ್ ಕೂರಿಸಬೇಕು. 5.1.2 ಎಂದು ಬರೆದಿದ್ದರೆ ಮೊದಲ ಅಂಕಿ ಸುತ್ತಲಿನ ಸ್ಪೀಕರ್‌ಗಳದು, ಎರಡನೆಯದು ಸಬ್‌ವೂಫರಿನದು, ಕೊನೆಯದು ಮೇಲಿನವುಗಳದು. ಆರ್‌ಸಿಸಿ ಛಾವಣಿಗಾದರೆ ಡ್ರಿಲ್ ಹಾಕಿ ಬ್ರಾಕೆಟ್ ಬಿಗಿಯಬಹುದು; ಜಂತೆಗಳ ನಡುವಿನ ಹಳೆಯ ಸುಣ್ಣದ ಗಾರೆಗೆ ಡ್ರಿಲ್ ತಾಗಿಸಲು ನನಗೆ ಧೈರ್ಯವಿಲ್ಲ. ಛಾವಣಿಗೆ ಮುಖ ಮಾಡಿ, ಅಲ್ಲಿಂದ ಸದ್ದನ್ನು ಪುಟಿಸಿ ಕೆಳಕ್ಕೆ ಕಳಿಸುವ ಸ್ಪೀಕರ್‌ಗಳೂ ಸಿಗುತ್ತವೆ, ಆದರೆ ಅವಕ್ಕೆ ಸಮತಟ್ಟಾದ ನುಣುಪು ಛಾವಣಿ ಬೇಕು. ಸಾಲು ತೊಲೆಗಳು ಆ ಸದ್ದನ್ನು ದಿಕ್ಕಾಪಾಲು ಚದುರಿಸುತ್ತವೆ. ಹಾಗಾಗಿ ನಾವು 5.1ಕ್ಕೆ ನಿಂತೆವು. ಹಣ ಒಟ್ಟಿಗೆ ಹೊಂದದವರು ಮುಂದಿನ ಮೂರು ಸ್ಪೀಕರ್ ಮತ್ತು ಒಂದು ಸಬ್‌ವೂಫರಿನಿಂದ, ಅಂದರೆ 3.1ರಿಂದ ಶುರುಮಾಡಿ, ಹಿಂಬದಿಯವನ್ನು ಆಮೇಲೆ ಸೇರಿಸಿಕೊಳ್ಳುವುದು ಜಾಣತನ. ಇರುವ ಹಣವನ್ನು ಏಳೋ ಒಂಬತ್ತೋ ಅಗ್ಗದ ಸ್ಪೀಕರ್‌ಗಳಿಗೆ ಹಂಚಿಬಿಟ್ಟರೆ ಮಾತೂ ಚೆನ್ನಾಗಿರುವುದಿಲ್ಲ, ಮಳೆಯೂ ಚೆನ್ನಾಗಿರುವುದಿಲ್ಲ.

ಅಂಗಡಿಗಳಲ್ಲಿ ಮೊದಲು ಕೇಳಿಬರುವ ಮಾತು ವ್ಯಾಟಿನದು. "ಸಾರ್, ಇದು ಸಾವಿರ ವ್ಯಾಟಿಂದು, ಮನೆ ನಡುಗುತ್ತೆ" ಎಂದು ಒಬ್ಬರು ಬಹಳ ವಿಶ್ವಾಸದಿಂದ ಹೇಳಿದರು. ಟೇಪ್ ರೆಕಾರ್ಡರ್‌ಗಳ ಕಾಲದಲ್ಲಿ ಪೆಟ್ಟಿಗೆಯ ಮೇಲೆ ಪಿಎಂಪಿಒ ಎಂದು ಬರೆದು ಸಾವಿರಗಟ್ಟಲೆ ವ್ಯಾಟ್ ತೋರಿಸುತ್ತಿದ್ದುದು ನೆನಪಿರುವವರಿಗೆ ಈ ಮಾತು ಹೊಸದೇನಲ್ಲ. ಈಗಿನ ರಿಸೀವರ್‌ಗಳ ವಿವರಪಟ್ಟಿಯಲ್ಲಿ ಅಂಥ ಅತಿರೇಕವಿಲ್ಲದಿದ್ದರೂ ಓದುವಾಗ ಎಚ್ಚರ ಬೇಕು. ಒಂದೇ ಯಂತ್ರಕ್ಕೆ ಎರಡು ಮೂರು ಅಂಕಿಗಳನ್ನು ಕೊಟ್ಟಿರುತ್ತಾರೆ: 8 ಓಮ್ ಸ್ಪೀಕರ್, 20ರಿಂದ 20,000 ಹರ್ಟ್ಸ್‌ವರೆಗಿನ ಪೂರ್ತಿ ವ್ಯಾಪ್ತಿ, ಶೇ. 0.1ಕ್ಕಿಂತ ಕಡಿಮೆ ವಿರೂಪ (ಡಿಸ್ಟಾರ್ಷನ್), ಎರಡು ಚಾನಲ್ ಒಟ್ಟಿಗೆ ನಡೆಯುತ್ತಿರುವಾಗ ಸಿಗುವ ಅಂಕಿ ಒಂದು. 6 ಓಮ್, 1,000 ಹರ್ಟ್ಸ್‌ನ ಒಂದೇ ಸ್ವರ, ಶೇ. 10ರಷ್ಟು ವಿರೂಪ, ಒಂದೇ ಚಾನಲ್ ನಡೆಯುತ್ತಿರುವಾಗ ಸಿಗುವ ಅಂಕಿ ಇನ್ನೊಂದು. ಎರಡನೆಯದು ಮೊದಲನೆಯದರ ದುಪ್ಪಟ್ಟಿಗೆ ಹತ್ತಿರವಾಗಿ ಕಾಣುವುದೂ ಉಂಟು. ಹೋಲಿಸಬೇಕಾದದ್ದು ಮೊದಲನೆಯದನ್ನು ಮಾತ್ರ. ಅದನ್ನೂ ಚಾನಲ್ ಸಂಖ್ಯೆಯಿಂದ ಗುಣಿಸಬಾರದು, ಏಕೆಂದರೆ ಎಲ್ಲ ಚಾನಲ್‌ಗಳಿಗೂ ವಿದ್ಯುತ್ ಒದಗಿಸುವ ಟ್ರಾನ್ಸ್‌ಫಾರ್ಮರ್ ಒಂದೇ. ಏಳೂ ಚಾನಲ್ ಒಮ್ಮೆಗೇ ದುಡಿದರೆ ಒಂದೊಂದರ ಪಾಲಿಗೆ ಬರುವುದು ಕಡಿಮೆಯಾಗುತ್ತದೆ.

ನಮಗೆ ಬೇಕಾದದ್ದೆಷ್ಟು ಎಂದು ಕಾಗದದ ಮೇಲೆ ಲೆಕ್ಕ ಹಾಕಿದರೆ ಈ ಅಂಕಿಗಳ ಮೇಲಿನ ಮೋಹ ಬೇಗ ಇಳಿಯುತ್ತದೆ. ನಮ್ಮ ಸ್ಪೀಕರಿನ ಸಂವೇದನೆ 88 ಡೆಸಿಬೆಲ್. ಎಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಸದ್ದು. ದೂರ ದುಪ್ಪಟ್ಟಾದರೆ ಬಯಲಿನಲ್ಲಿ 6 ಡೆಸಿಬೆಲ್ ಇಳಿಯುತ್ತದೆ. ಒಂಬತ್ತು ಅಡಿ ದೂರದ ನಮ್ಮ ಸೋಫಾಕ್ಕೆ ಬರುವ ಹೊತ್ತಿಗೆ ಸುಮಾರು 79 ಉಳಿಯುತ್ತದೆ, ಗೋಡೆಗಳು ಹಿಂದಿರುಗಿಸುವ ಸದ್ದಿನಿಂದ ಮನೆಯೊಳಗೆ ಅದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಚಿತ್ರಮಂದಿರದ ಅಳತೆಯಲ್ಲಿ ಒಂದು ಚಾನಲ್‌ನ ಅತಿ ಜೋರಾದ ಸದ್ದು 105 ಡೆಸಿಬೆಲ್; ಮೈನಸ್ ಅಂಕಿಗಳಿಂದ ಮೇಲಕ್ಕೇರುವ ರಿಸೀವರಿನ ವಾಲ್ಯೂಮ್ 0ಕ್ಕೆ ಬಂದಾಗ ಆ ಮಟ್ಟ ಸಿಗುವಂತೆ ಹೊಂದಿಕೆ ಮಾಡಿರುತ್ತಾರೆ. ಮನೆಯಲ್ಲಿ ಯಾರೂ ಅಷ್ಟು ಏರಿಸುವುದಿಲ್ಲ. ನಾವು ನೋಡುವುದು ಸಾಮಾನ್ಯವಾಗಿ ಮೈನಸ್ 20ರ ಆಸುಪಾಸಿನಲ್ಲಿ, ಅಂದರೆ ಜೋರಾದ ಸದ್ದು 85 ಡೆಸಿಬೆಲ್. 79ರಿಂದ 85ಕ್ಕೆ ಏರಲು ಬೇಕಾದ ವಿದ್ಯುತ್ ಬಲ ನಾಲ್ಕೇ ವ್ಯಾಟ್. ಅದೇ ಸ್ಪೀಕರ್‌ಗೆ ನೂರು ವ್ಯಾಟ್ ಕೊಟ್ಟರೆ 99 ಡೆಸಿಬೆಲ್ ಬರುತ್ತದೆ, ಎಂಬತ್ತು ವ್ಯಾಟ್ ಕೊಟ್ಟರೆ 98. ಎಂಬತ್ತು ವ್ಯಾಟಿನ ರಿಸೀವರ್ ಬಿಟ್ಟು ನೂರು ವ್ಯಾಟಿನದಕ್ಕೆ ಹೋಗುವವರು ಆ ಒಂದು ಡೆಸಿಬೆಲ್‌ಗೆ ಹಣ ಕೊಡುತ್ತಿದ್ದಾರೆ. ಹೆಚ್ಚು ಬಲ ಬೇಡುವ ಮಂದ್ರದ ಸದ್ದನ್ನು ಹೇಗೂ ಸಬ್‌ವೂಫರ್ ತನ್ನದೇ ಆಂಪ್ಲಿಫೈಯರಿನಿಂದ ನಡೆಸಿಕೊಳ್ಳುತ್ತದೆ. 4 ಓಮ್ ಸ್ಪೀಕರ್‌ಗಳಿದ್ದವರು, ತೀರ ದೊಡ್ಡ ಹಾಲ್ ಇದ್ದವರು ಈ ಮಾತನ್ನು ತಮಗೆ ಅನ್ವಯಿಸಿಕೊಳ್ಳಬೇಕಿಲ್ಲ.

ಎಚ್‌ಡಿಎಂಐ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಟಿವಿಯೊಳಗಿನ ಆ್ಯಪ್‌ಗಳಲ್ಲೇ ಸಿನಿಮಾ ನೋಡುವವರಿಗೆ ಸದ್ದು ಟಿವಿಯಿಂದ ರಿಸೀವರ್‌ಗೆ ಹಿಂದಿರುಗಬೇಕು. ಅದಕ್ಕೆ ಎಆರ್‌ಸಿ (ಆಡಿಯೋ ರಿಟರ್ನ್ ಚಾನಲ್) ಎಂದು ಗುರುತಿಸಿದ ತೂತನ್ನೇ ಎರಡೂ ಕಡೆ ಬಳಸಬೇಕು. 2009ರ ಎಚ್‌ಡಿಎಂಐ 1.4ರೊಂದಿಗೆ ಬಂದ ಈ ಸೌಲಭ್ಯದಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ದಾಟುತ್ತದೆ, ಒಟಿಟಿಯ ಅಟ್ಮಾಸ್ ಬರುವುದೂ ಆ ರೂಪದಲ್ಲಿಯೇ. ಬ್ಲೂರೇಯ ಡಾಲ್ಬಿ ಟ್ರೂಎಚ್‌ಡಿಯನ್ನು ಟಿವಿಯ ಮೂಲಕ ದಾಟಿಸಬೇಕಾದರೆ ಮಾತ್ರ 2017ರ ಎಚ್‌ಡಿಎಂಐ 2.1ರೊಂದಿಗೆ ಬಂದ ಇ-ಎಆರ್‌ಸಿ ಬೇಕು. ಟಿವಿಯ ಸೆಟ್ಟಿಂಗ್‌ನಲ್ಲಿ ಧ್ವನಿಯನ್ನು ಪಿಸಿಎಂ ಎಂದು ಬಿಟ್ಟಿದ್ದರೆ ಎಷ್ಟೋ ಟಿವಿಗಳಲ್ಲಿ ರಿಸೀವರ್‌ಗೆ ಎರಡೇ ಚಾನಲ್ ಹೋಗುತ್ತದೆ. ಅದನ್ನು ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂಗೆ ಬದಲಿಸಬೇಕು. ಐದು ಸ್ಪೀಕರ್ ಇದ್ದೂ ಹಿಂದಿನವು ಮೌನವಾಗಿವೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವ ಪ್ರಶ್ನೆ ಇದು.

ಹಾಗಾದರೆ ಯಾವುದರ ಮೇಲೆ ಆರಿಸಬೇಕು? ನನ್ನ ಮಟ್ಟಿಗೆ, ಕೋಣೆಯನ್ನು ಅಳೆದು ಸದ್ದನ್ನು ತಿದ್ದುವ ವ್ಯವಸ್ಥೆಯ ಮೇಲೆ. ಯಮಾಹಾದಲ್ಲಿ ಅದು ವೈಪಿಎಒ, ಡೆನಾನ್ ಮತ್ತು ಮರಾಂಟ್ಜ್‌ನಲ್ಲಿ ಆಡಿಸ್ಸಿ, ಆನ್ಕಿಯೋದ ಮೇಲುದರ್ಜೆಯ ಕೆಲವು ಮಾದರಿಗಳಲ್ಲಿ ಡಿರಾಕ್ ಲೈವ್. ಒಂದೇ ಹೆಸರಿನೊಳಗೂ ಮೆಟ್ಟಿಲುಗಳಿವೆ: ಆಡಿಸ್ಸಿಯ ಸಾದಾ ಮಲ್ಟ್‌ಇಕ್ಯು ಆರು ಜಾಗಗಳಲ್ಲಿ ಅಳೆದರೆ, ಮಲ್ಟ್‌ಇಕ್ಯು ಎಕ್ಸ್‌ಟಿ ಎಂಟು ಜಾಗಗಳಲ್ಲಿ ಅಳೆಯುತ್ತದೆ. ಎಕ್ಸ್‌ಟಿ ಇರುವ, ಎಂಬತ್ತು ವ್ಯಾಟಿನ, ಏಳು ಚಾನಲ್‌ನ ಡೆನಾನ್ ನಮ್ಮ ಮನೆಗೆ ಬಂತು. ಅದರಲ್ಲಿ ಎರಡು ಚಾನಲ್ ಸುಮ್ಮನಿವೆ. ಮೈಸೂರಿನಲ್ಲಿ ಇಂಥ ಯಂತ್ರಗಳನ್ನು ಜೋಡಿಸಿಟ್ಟು ಕೇಳಿಸುವ ಅಂಗಡಿಗಳು ಕಡಿಮೆಯಾದ್ದರಿಂದ ಹಲವರು ಬೆಂಗಳೂರಿಗೆ ಹೋಗುತ್ತಾರೆ. ಹೋಗುವುದಾದರೆ ಸ್ಪೀಕರ್ ಕೇಳಲು ಹೋಗಿ, ಅಂಗಡಿಯ ಕೋಣೆಯಲ್ಲಿ ರಿಸೀವರ್ ಕೇಳಿ ತಿಳಿಯುವಂಥದ್ದು ಹೆಚ್ಚೇನಿಲ್ಲ. ಅಮೆರಿಕದಲ್ಲಿರುವ ಮಗನೋ ಭಾವನೋ ಅಗ್ಗಕ್ಕೆ ಸಿಕ್ಕಿತೆಂದು ಸೂಟ್‌ಕೇಸಿನಲ್ಲಿ ತರುವುದಕ್ಕೆ ನನ್ನ ಸಮ್ಮತಿಯಿಲ್ಲ. ಅಲ್ಲಿಯದು 120 ವೋಲ್ಟಿನದು, ನಮ್ಮ ಮನೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟ್. ತೂಕದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಒಂದನ್ನು ಜೊತೆಗೆ ಸಾಕಬೇಕು, ಕೆಟ್ಟರೆ ಇಲ್ಲಿ ವಾರಂಟಿಯೂ ನಡೆಯುವುದಿಲ್ಲ.

ಸೋಫಾ ಮೊದಲು ಹಿಂದಿನ ಗೋಡೆಗೆ ಒರಗಿಕೊಂಡಿತ್ತು. ಗೋಡೆಗೆ ತಾಗಿ ಕೂತವರ ಕಿವಿಗೆ ಮಂದ್ರದ ಸದ್ದು ಅತಿಯಾಗಿ ಬೀಳುತ್ತದೆ, ಗೋಡೆಯಿಂದ ಪುಟಿದ ಮಾತೂ ಮೂಲದ ಮಾತಿನ ಬೆನ್ನಿಗೇ ಬಂದು ಅಡರುತ್ತದೆ. ಆದ್ದರಿಂದ ಕೂತವರ ತಲೆ ಹಿಂದಿನ ಗೋಡೆಯಿಂದ ಐದೂವರೆ ಅಡಿ ಮುಂದಿರುವಂತೆ ಸೋಫಾವನ್ನು ಎಳೆದೆವು. "ನಡುಮನೆ ಮಧ್ಯದಲ್ಲಿ ಯಾರಾದರೂ ಸೋಫಾ ಇಡ್ತಾರೇನೋ?" ಎಂದು ಅಮ್ಮ ತಕರಾರು ತೆಗೆದರು. ಅಡುಗೆಮನೆಗೆ ಹೋಗುವವರು ಟಿವಿಗೆ ಅಡ್ಡ ಬಾರದೆ ಸೋಫಾದ ಹಿಂದಿನಿಂದಲೇ ಓಡಾಡಬಹುದೆಂದು ಕಂಡ ಮೇಲೆ ಆ ತಕರಾರು ನಿಂತಿತು. ಎಡಬಲದ ಸ್ಪೀಕರ್‌ಗಳ ನಡುವೆ ಎಂಟು ಅಡಿ ಅಂತರ, ಅಲ್ಲಿಂದ ಸೋಫಾಕ್ಕೆ ಒಂಬತ್ತು ಅಡಿ. ಇದರಿಂದ ಮಧ್ಯದಲ್ಲಿ ಕೂತವರಿಗೆ ಒಂದೊಂದೂ ಸುಮಾರು 24 ಡಿಗ್ರಿ ಕೋನದಲ್ಲಿ ಬೀಳುತ್ತದೆ, ಡಾಲ್ಬಿಯವರು ಹೇಳುವ 22ರಿಂದ 30 ಡಿಗ್ರಿಯೊಳಗೇ ಇದೆ. ಹಿಂಬದಿಯ ಸ್ಪೀಕರ್‌ಗಳನ್ನು ಕಿವಿಗಿಂತ ಒಂದಡಿ ಮೇಲೆ, ಸುಮಾರು 110 ಡಿಗ್ರಿಯಲ್ಲಿ, ಎಂದರೆ ಪಕ್ಕದಿಂದ ಸ್ವಲ್ಪವೇ ಹಿಂದಕ್ಕೆ ಗೋಡೆಗೆ ಬಿಗಿದೆವು. ಸೆಂಟರ್ ಸ್ಪೀಕರ್ ಟಿವಿಯ ಕೆಳಗಿನ ಹಲಗೆಯ ಮೇಲಿದೆ. ಅದನ್ನು ಹಲಗೆಯ ಅಂಚಿನವರೆಗೂ ಮುಂದಕ್ಕೆ ಎಳೆದು, ಮುಂದಿನ ಕಾಲುಗಳ ಕೆಳಗೆ ರಬ್ಬರ್ ತುಂಡು ಕೊಟ್ಟು, ಮುಖ ನಮ್ಮ ಕಿವಿಯತ್ತ ಏಳುವಂತೆ ಮಾಡಿದೆ. ಅಂಚಿನಿಂದ ಹಿಂದಕ್ಕಿದ್ದರೆ ಹಲಗೆಯಿಂದಲೇ ಸದ್ದು ಪುಟಿದು ಮಾತು ಕೊಳವೆಯೊಳಗಿಂದ ಬಂದಂತೆ ಕೇಳುತ್ತದೆ. ಇಡೀ ಕೆಲಸದಲ್ಲಿ ಅಮ್ಮನಿಗೆ ಅತಿ ಹೆಚ್ಚು ಉಪಯೋಗವಾದದ್ದು ಈ ಎರಡು ರಬ್ಬರ್ ತುಂಡುಗಳಿಂದ ಎಂದರೆ ಉತ್ಪ್ರೇಕ್ಷೆಯಲ್ಲ.

ವೈರಿನ ವಿಷಯದಲ್ಲಿ ದುಬಾರಿ ಹೆಸರುಗಳಿಗೆ ಮರುಳಾಗುವ ಅಗತ್ಯವಿಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಒಂದೂವರೆ ಸ್ಕ್ವೇರ್ (ಚದರ ಮಿಲಿಮೀಟರ್) ತಾಮ್ರದ ಜೋಡಿ ವೈರ್ ಸಾಕು. ಅದರ ತಡೆ ಕಿಲೋಮೀಟರಿಗೆ 12 ಓಮ್‌ನಷ್ಟು. ಹತ್ತು ಮೀಟರ್ ದೂರಕ್ಕೆ ಹೋಗಿಬರುವ ತಂತಿ ಸೇರಿ 0.24 ಓಮ್ ಆಗುತ್ತದೆ, 6 ಓಮ್ ಸ್ಪೀಕರಿನ ಶೇ. 5ಕ್ಕಿಂತ ಅದು ಕಡಿಮೆ. ಅದಕ್ಕಿಂತ ದೂರವಿದ್ದರೆ ಎರಡೂವರೆ ಸ್ಕ್ವೇರ್ ತೆಗೆದುಕೊಳ್ಳಿ. ರೆಡ್ ಆಕ್ಸೈಡ್ ನೆಲವನ್ನು ಕೊರೆದರೆ ಮತ್ತೆ ಅದೇ ಬಣ್ಣ ಬರಿಸುವ ಗಾರೆ ಕೆಲಸದವರು ಈಗ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ಗೋಡೆಯ ಬುಡದುದ್ದಕ್ಕೂ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಹೊಡೆಸಿ ಅದರೊಳಗೆ ವೈರ್ ಓಡಿಸಿದೆವು. ಪ್ಲಸ್ ಮೈನಸ್ ಅದಲುಬದಲಾಗದಂತೆ ಎರಡೂ ತುದಿಗೆ ಕೆಂಪು ಟೇಪ್ ಸುತ್ತುವುದು ಮುಖ್ಯ. ಒಂದು ಸ್ಪೀಕರ್ ತಿರುಗುಮುರುಗಾದರೂ ಮುಂದಿನ ಎರಡರ ಮಂದ್ರ ಒಂದನ್ನೊಂದು ಕೊಂದುಕೊಳ್ಳುತ್ತದೆ.

ಸಬ್‌ವೂಫರ್ ಎಲ್ಲಿಡಬೇಕೆಂಬುದನ್ನು ಲೆಕ್ಕ ಮಾತ್ರ ನೆಚ್ಚಿ ತೀರ್ಮಾನಿಸಲಾಗದು, ಆದರೆ ಲೆಕ್ಕ ಗೊತ್ತಿದ್ದರೆ ಕಿವಿಗೆ ಕೇಳಿಸುವುದು ಅರ್ಥವಾಗುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಅಳತೆಯ ದುಪ್ಪಟ್ಟಿನಿಂದ ಭಾಗಿಸಿದರೆ, ಆ ಎರಡು ಗೋಡೆಗಳ ನಡುವೆ ನಿಂತುಬಿಡುವ ಅತಿ ಕೆಳಗಿನ ಸ್ವರ ಸಿಗುತ್ತದೆ. ನಮ್ಮ ಹದಿನಾರು ಅಡಿಗೆ ಅದು 35 ಹರ್ಟ್ಸ್, ಹನ್ನೆರಡು ಅಡಿಗೆ 47, ಹನ್ನೊಂದು ಅಡಿಯ ಎತ್ತರಕ್ಕೆ 51. ಈ ಸ್ವರಗಳು ಗೋಡೆಯ ಬಳಿ ಉಬ್ಬುತ್ತವೆ, ನಟ್ಟನಡುವೆ ಸೊರಗುತ್ತವೆ. ಫೋನಿನ ಆ್ಯಪ್‌ನಿಂದ 47 ಹರ್ಟ್ಸ್ ಸ್ವರವನ್ನು ಹಚ್ಚಿ ಸೋಫಾದ ಈ ತುದಿಯಿಂದ ಆ ತುದಿಗೆ ಸರಿದರೆ ಇದು ಸ್ಪಷ್ಟವಾಗಿ ತಿಳಿಯುತ್ತದೆ: ಅಮ್ಮ ಕೂರುವ ಗೋಡೆಬದಿಯಲ್ಲಿ ಎದೆಗೆ ತಾಗುವ ಗುಮ್ಮೆಂಬ ಸದ್ದು, ಮಧ್ಯದಲ್ಲಿ ಅದೇ ಸ್ವರ ಮಾಯ. ಉಬ್ಬನ್ನು ರಿಸೀವರ್ ತಗ್ಗಿಸಬಲ್ಲದು. ಮಾಯವಾದದ್ದನ್ನು ಎಷ್ಟು ಬಲ ಹಾಕಿದರೂ ತುಂಬಲಾರದು, ಏಕೆಂದರೆ ಅಲ್ಲಿ ಹೋದ ಸದ್ದೂ ಪುಟಿದ ಸದ್ದೂ ಒಂದನ್ನೊಂದು ಅಳಿಸುತ್ತಿರುತ್ತವೆ.

ಆದ್ದರಿಂದ ಎಲ್ಲರೂ ಹೇಳುವ ಉಪಾಯವನ್ನೇ ಮಾಡಿದೆ. ಸಬ್‌ವೂಫರನ್ನು ಸೋಫಾದ ಮೇಲೆ, ನಾವು ಕೂರುವ ಜಾಗದಲ್ಲೇ ಇಟ್ಟು, ಮಂದ್ರ ತುಂಬಿದ ಸಂಗೀತ ಹಚ್ಚಿ, ಅದನ್ನು ಇಡಬಹುದಾದ ಜಾಗಗಳಲ್ಲೆಲ್ಲ ನೆಲದ ಮಟ್ಟಕ್ಕೆ ಬಗ್ಗಿ ಕೇಳುತ್ತ ಹೋಗುವುದು; ಎಲ್ಲಿ ಮಂದ್ರ ಬಿಗಿಯಾಗಿ, ಸಮನಾಗಿ ಕೇಳುತ್ತದೋ ಅಲ್ಲಿಗೆ ಸಬ್‌ವೂಫರ್ ಹೋಗಬೇಕು. ಇದಕ್ಕೆ ಸಿನಿಮಾದ ಸ್ಫೋಟಗಳಿಗಿಂತ ಮೃದಂಗದ ತನಿ ಆವರ್ತನ ಒಳ್ಳೆಯದೆಂದು ನನಗೆ ತೋರಿತು. ಎಡಮುಖದ ಗುಂಕಾರ ಎಷ್ಟು ಹೊತ್ತು ನಿಲ್ಲಬೇಕು, ಎಲ್ಲಿ ಕಡಿಯಬೇಕು ಎಂಬುದು ಕಛೇರಿ ಕೇಳಿ ಬೆಳೆದ ಕಿವಿಗೆ ಗೊತ್ತಿರುತ್ತದೆ. ಮೂಲೆಯಲ್ಲಿ ಅದೇ ಗುಂಕಾರ ಮುಂದಿನ ಪೆಟ್ಟಿನ ಮೇಲೂ ಹರಡಿಕೊಳ್ಳುತ್ತಿತ್ತು. ಕೊನೆಗೆ ಮುಂದಿನ ಗೋಡೆಯಲ್ಲಿ, ಎಡ ಸ್ಪೀಕರಿಗೂ ಟಿವಿಗೂ ನಡುವಿನ ಜಾಗ ಗೆದ್ದಿತು.

ಅಳತೆ ಮಾಡುವ ದಿನಕ್ಕೆ ಮನೆ ನಿಶ್ಶಬ್ದವಾಗಿರಬೇಕು, ಇದು ನಮ್ಮ ಬಡಾವಣೆಗಳಲ್ಲಿ ಹೇಳಿದಷ್ಟು ಸುಲಭವಲ್ಲ. ಬೆಳಗಿನ ಐದು ಗಂಟೆ ಒಳ್ಳೆಯ ಹೊತ್ತು. ಆರು ದಾಟಿದರೆ ಹಾಲಿನವರ ಬೈಕು, ಏಳಕ್ಕೆ ಕಸದ ಆಟೋದ ಮೈಕು, ಅದರ ಹಿಂದೆಯೇ ಸೊಪ್ಪಿನವರ ಕೂಗು, ಎಂಟಕ್ಕೆ ಸುತ್ತಲಿನ ಕುಕ್ಕರ್‌ಗಳು. ಫ್ಯಾನ್ ಆರಿಸಿ, ಫ್ರಿಜ್ಜಿನ ಸ್ವಿಚ್ ತೆಗೆದು, ರಿಸೀವರಿನೊಂದಿಗೆ ಬಂದ ಪುಟ್ಟ ಮೈಕನ್ನು ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿಸಿ, ಕೂತವರ ಕಿವಿಯ ಎತ್ತರಕ್ಕೆ ತಂದು ನಿಲ್ಲಿಸಿದೆ. ಪೆಟ್ಟಿಗೆಯಲ್ಲಿ ರಟ್ಟಿನ ಸ್ಟ್ಯಾಂಡ್ ಕೊಟ್ಟಿರುತ್ತಾರೆ, ಮೆತ್ತನೆಯ ಸೋಫಾದ ಮೇಲೆ ಅದು ವಾಲುತ್ತದೆ. ಮೈಕನ್ನು ಕೈಯಲ್ಲಿ ಹಿಡಿದುಕೊಂಡು ಅಳೆಯುವುದು ಮಾತ್ರ ಕೂಡದು. ಗುಂಡಿ ಒತ್ತಿದರೆ ಒಂದೊಂದೇ ಸ್ಪೀಕರಿನಿಂದ 'ವ್ಹೂಪ್, ವ್ಹೂಪ್' ಎಂದು ಏರುವ ಸದ್ದು ಹೊರಡುತ್ತದೆ. ಮೊದಲ ಅಳತೆ ಮುಖ್ಯ ಜಾಗದಲ್ಲೇ ಆಗಬೇಕು, ಏಕೆಂದರೆ ಸ್ಪೀಕರ್‌ಗಳ ದೂರ ಮತ್ತು ಮಟ್ಟವನ್ನು ಅದರಿಂದಲೇ ತೀರ್ಮಾನಿಸಲಾಗುತ್ತದೆ. ಉಳಿದ ಏಳನ್ನು ಸೋಫಾದಾಚೆಗೆ ಹರಡದೆ, ಆ ಮೊದಲ ಬಿಂದುವಿನ ಸುತ್ತ ಒಂದೆರಡು ಅಡಿಯೊಳಗೆ, ಒಂದೆರಡನ್ನು ಮುಂದಕ್ಕೆ, ಒಂದನ್ನು ಸ್ವಲ್ಪ ಮೇಲಕ್ಕೆ ತೆಗೆದುಕೊಂಡೆ. ಸಬ್‌ವೂಫರ್ ತೀರ ಜೋರಾಗಿದೆಯೆಂದು ರಿಸೀವರ್ ಮೊದಲೇ ಎಚ್ಚರಿಸುತ್ತದೆ. ಸಬ್‌ವೂಫರಿನ ಬೆನ್ನಿನಲ್ಲಿರುವ ಗುಂಡಿಯನ್ನು ತಿರುಗಿಸಿ 75 ಡೆಸಿಬೆಲ್ ಹತ್ತಿರಕ್ಕೆ ತಂದ ಮೇಲೆ ಮುಂದುವರಿಯಬೇಕು.

ಅಳತೆ ಮುಗಿದ ಮೇಲೆ ಯಂತ್ರ ಬರೆದದ್ದನ್ನೆಲ್ಲ ಹಾಗೇ ಒಪ್ಪಬೇಕಿಲ್ಲ; ಕೆಲವನ್ನು ಮುಟ್ಟಲೂ ಬಾರದು. ಸಬ್‌ವೂಫರಿನ ದೂರ ಪರದೆಯ ಮೇಲೆ ನಿಜಕ್ಕಿಂತ ನಾಲ್ಕೈದು ಅಡಿ ಹೆಚ್ಚಾಗಿ ಕಂಡರೆ ಅದು ತಪ್ಪಲ್ಲ. ಸಬ್‌ವೂಫರಿನೊಳಗಿನ ಸರ್ಕ್ಯೂಟ್ ಸದ್ದನ್ನು ಕೆಲವು ಮಿಲಿಸೆಕೆಂಡ್ ತಡಮಾಡುತ್ತದೆ, ರಿಸೀವರ್ ಆ ತಡವನ್ನು ದೂರವೆಂದು ಲೆಕ್ಕ ಹಿಡಿದು ಉಳಿದ ಸ್ಪೀಕರ್‌ಗಳನ್ನು ಅಷ್ಟು ಕಾಯಿಸುತ್ತದೆ. ಟೇಪು ಹಿಡಿದು ಇದನ್ನು ತಿದ್ದಿದರೆ ಹೊಂದಿಕೆ ಕೆಡುತ್ತದೆ. ತಿದ್ದಬೇಕಾದದ್ದು ಮುಂದಿನ ಸ್ಪೀಕರ್‌ಗಳ ಗಾತ್ರವನ್ನು. ಅವು 40 ಹರ್ಟ್ಸ್ ತನಕ ಇಳಿಯಬಲ್ಲವೆಂದು ಕಂಡರೆ ಸಾಕು, 'ಲಾರ್ಜ್' ಎಂದು ಗುರುತಿಸಿ ಮಂದ್ರವನ್ನೆಲ್ಲ ಅವಕ್ಕೇ ಬಿಡುತ್ತದೆ. ಅದನ್ನು 'ಸ್ಮಾಲ್' ಮಾಡಿ, ಸ್ಪೀಕರಿಗೂ ಸಬ್‌ವೂಫರಿಗೂ ನಡುವಿನ ಗಡಿಯಾದ ಕ್ರಾಸೋವರನ್ನು 80 ಹರ್ಟ್ಸ್‌ಗೆ ತಂದೆ. ಅದಕ್ಕಿಂತ ಕೆಳಗಿನ ಭಾರವನ್ನು ಸಬ್‌ವೂಫರ್ ಹೊತ್ತುಕೊಂಡಿತು. ಯಂತ್ರ ಸೂಚಿಸಿದ ಕ್ರಾಸೋವರನ್ನು ಮೇಲಕ್ಕೆ ಏರಿಸಬಹುದು, ಕೆಳಕ್ಕೆ ಇಳಿಸಬಾರದು, ಏಕೆಂದರೆ ಅಳೆದ ಮಿತಿಗಿಂತ ಕೆಳಗೆ ಸ್ಪೀಕರಿನ ಸದ್ದನ್ನು ಅದು ತಿದ್ದಿರುವುದಿಲ್ಲ. ಸೆಂಟರ್ ಸ್ಪೀಕರಿನ ಮಟ್ಟವನ್ನು ಒಂದೂವರೆ ಡೆಸಿಬೆಲ್ ಏರಿಸಿದೆ. ಅದು ಶುದ್ಧಾಂಗವಲ್ಲವೆಂದು ಬಲ್ಲವರು ಮೂಗು ಮುರಿಯಬಹುದು, ಸಂಭಾಷಣೆ ಕೇಳಲೆಂದೇ ತಂದ ಯಂತ್ರಕ್ಕೆ ಆ ಆಕ್ಷೇಪಣೆ ಸಲ್ಲದು.

ಮೆಲ್ಲನೆಯ ವಾಲ್ಯೂಮಿನಲ್ಲಿ ನಮ್ಮ ಕಿವಿಗೆ ಮಂದ್ರ ಬೇಗ ಮಂಕಾಗುತ್ತದೆಯಾದ್ದರಿಂದ ಅದನ್ನು ವಾಲ್ಯೂಮಿಗೆ ತಕ್ಕಂತೆ ತುಂಬಿಕೊಡುವ ಡೈನಾಮಿಕ್ ಇಕ್ಯು ಎಂಬ ಸೌಲಭ್ಯವಿದೆ. ಸಿನಿಮಾಕ್ಕೆ ಅದನ್ನು ಹಾಕಿರುತ್ತೇನೆ. ಸಂಗೀತಕ್ಕೆ ಮತ್ತು ವಾರ್ತೆಗೆ ಅದು ಅತಿಯೆನಿಸಿದರೆ ಅದರ ಆಫ್‌ಸೆಟ್ಟನ್ನು 10 ಅಥವಾ 15 ಡೆಸಿಬೆಲ್‌ಗೆ ಇಡಬಹುದು. ರಾತ್ರಿ ಹತ್ತರ ಮೇಲೆ ಜೋರಿನ ಸದ್ದನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುವ ಡೈನಾಮಿಕ್ ವಾಲ್ಯೂಮ್ ಉಪಕಾರಿ. ಇಷ್ಟೆಲ್ಲ ಆದ ಯಂತ್ರದಲ್ಲಿ ನಾನು ದಿನವೂ ಬಳಸುವುದು ಎಫ್‌ಎಂ ರೇಡಿಯೋವನ್ನು ಎಂದರೆ ಗೆಳೆಯರು ನಗುತ್ತಾರೆ. ಬೆಳಗ್ಗೆ 100.6ರಲ್ಲಿ ಮೈಸೂರು ಆಕಾಶವಾಣಿ ಒಳ್ಳೆಯ ಸ್ಪೀಕರಿನಲ್ಲಿ ಎಷ್ಟು ತುಂಬಿ ಬರುತ್ತದೆಂದು ಅವರು ಕೇಳಿಲ್ಲ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದ ಊರಿದು. ರಿಸೀವರಿನ ಹಿಂದಿನ ಆಂಟೆನಾ ತಿರುಪನ್ನು ಖಾಲಿ ಬಿಡುವುದು ನನಗೇಕೋ ಒಪ್ಪಲಿಲ್ಲ.

ಅಮ್ಮನ ಕೈಗೆ ರಿಸೀವರಿನ ರಿಮೋಟ್ ಕೊಡುವ ಗೋಜಿಗೇ ಹೋಗಲಿಲ್ಲ. ಟಿವಿಯಲ್ಲೂ ರಿಸೀವರಿನಲ್ಲೂ ಎಚ್‌ಡಿಎಂಐ ಸಿಇಸಿಯನ್ನು ಆನ್ ಮಾಡಿದರೆ ಟಿವಿ ಹೊತ್ತಿಕೊಂಡಾಗ ರಿಸೀವರೂ ಹೊತ್ತಿಕೊಳ್ಳುತ್ತದೆ, ಟಿವಿಯ ರಿಮೋಟಿನ ವಾಲ್ಯೂಮ್ ಗುಂಡಿಯೇ ಇದನ್ನೂ ನಡೆಸುತ್ತದೆ. ಹೊತ್ತಿದ ಕೂಡಲೇ ವಾಲ್ಯೂಮ್ ಎಷ್ಟಿರಬೇಕು, ಎಲ್ಲಿಗಿಂತ ಮೇಲೆ ಏರಬಾರದು ಎಂದು ಮೆನುವಿನಲ್ಲಿ ಮಿತಿ ಹಾಕಬಹುದು. ಹಿಂದಿನ ರಾತ್ರಿ ಮಕ್ಕಳು ಎಲ್ಲಿ ಬಿಟ್ಟಿದ್ದರೂ ಬೆಳಗ್ಗೆ ಅದು ಮೈನಸ್ 35ರಿಂದಲೇ ಶುರುವಾಗುತ್ತದೆ.

ಇನ್ನುಳಿದದ್ದು ವಿದ್ಯುತ್ತಿನ ಮಾತು. ಇಂಥ ಆಂಪ್ಲಿಫೈಯರ್ ತೆಗೆದುಕೊಂಡ ವಿದ್ಯುತ್ತಿನಲ್ಲಿ ಬಹುಪಾಲನ್ನು ಬಿಸಿಯಾಗಿಯೇ ಹೊರಹಾಕುತ್ತದೆ, ಆದ್ದರಿಂದ ಗಾಜಿನ ಬಾಗಿಲಿನ ಶೋಕೇಸಿನೊಳಗೆ ಅದನ್ನು ಮುಚ್ಚಿಡಬಾರದು; ನಮ್ಮ ಶೋಕೇಸಿನ ಒಂದು ಬಾಗಿಲನ್ನೇ ತೆಗೆಸಿ, ಮೇಲೆ ಅರ್ಧ ಅಡಿ ಖಾಲಿ ಬಿಟ್ಟಿದ್ದೇವೆ. ಅದರ ಮೇಲೆ ಸೆಟ್‌ಟಾಪ್ ಬಾಕ್ಸನ್ನಾಗಲಿ ಕ್ರೋಶಾ ಹಾಸನ್ನಾಗಲಿ ಇಡುವಂತಿಲ್ಲ. ಲೈಟು ಫ್ಯಾನುಗಳಿಗೆಂದು ಹಾಕಿಸಿದ ಸಣ್ಣ ಯುಪಿಎಸ್ ಲೈನಿಗೆ ರಿಸೀವರನ್ನೂ ಸಬ್‌ವೂಫರನ್ನೂ ಸೇರಿಸುವುದು ಬೇಡ. ಸಬ್‌ವೂಫರಿನಿಂದ ಸದಾ ಗುಂಯ್‌ ಎನ್ನುವ ಸದ್ದು ಬರುತ್ತಿದ್ದರೆ ರಿಪೇರಿಯವರನ್ನು ಕರೆಯುವ ಮೊದಲು ಸೆಟ್‌ಟಾಪ್ ಬಾಕ್ಸಿಗೆ ಬರುವ ಕೇಬಲ್ ತಂತಿಯನ್ನು ಕಳಚಿ ನೋಡಿ. ಆ ತಂತಿಯ ಅರ್ಥಿಂಗೂ ಮನೆಯ ಅರ್ಥಿಂಗೂ ಬೇರೆ ಬೇರೆ ಮಟ್ಟದಲ್ಲಿದ್ದರೆ ಗುಂಯ್‌ಗುಡುವಿಕೆ ಹೀಗೆ ಒಳಗೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆ ಚಾಮುಂಡಿ ಬೆಟ್ಟದ ಕಡೆ ಮೋಡ ಕಟ್ಟಿ ಗುಡುಗು ಶುರುವಾದರೆ ಪ್ಲಗ್ಗಿನ ಜೊತೆಗೆ ಈ ಕೇಬಲ್ ತಂತಿಯನ್ನೂ ಕಳಚಲೇಬೇಕು. ಪ್ಲಗ್ ಮಾತ್ರ ತೆಗೆದು ಸುಮ್ಮನಾದರೆ, ಸಿಡಿಲಿನ ಹೊಡೆತ ಹೊರಗಿನ ಕೇಬಲ್ಲಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರಿನ ಬೋರ್ಡಿಗೆ ದಾಟುವ ದಾರಿ ತೆರೆದೇ ಇರುತ್ತದೆ.